ವೈರಾಗ್ಯವೋ, ವಿಷಾದವೋ?

ಮನೆಯ ಹಿರಿಯರು ಮಾತು ಕಡಿಮೆ ಮಾಡಿ, ಊಟದ ರುಚಿ ತೊರೆದು, ದಿನವಿಡೀ ಒಂದೇ ಮೂಲೆಯಲ್ಲಿ ಕುಳಿತುಬಿಟ್ಟರೆ ಜೈನ ಕುಟುಂಬಗಳಲ್ಲಿ ಅದಕ್ಕೆ ಬಹು ಬೇಗ ಒಂದು ಗೌರವದ ಹೆಸರು ದೊರೆಯುತ್ತದೆ. "ಅಜ್ಜಾರಿಗೆ ಈಗ ಯಾವುದರ ಮ್ಯಾಲೂ ಮೋಹ ಉಳಿದಿಲ್ಲ" ಎಂದು ಮನೆಯವರು ಹೇಳುತ್ತಾರೆ. ಬಂದವರು ಭಕ್ತಿಯಿಂದ ಕೈಮುಗಿದು ಹೋಗುತ್ತಾರೆ. ಆ ಮೌನವು ನಿಜವಾಗಿ ವೈರಾಗ್ಯವೇ, ಅಥವಾ ಖಿನ್ನತೆಯೆಂಬ ಕಾಯಿಲೆಯೇ ಎಂದು ವಿಚಾರಿಸುವವರು ಕಡಿಮೆ. ಈ ವಿಚಾರಣೆ ಬರಿಯ ಶಬ್ದಚರ್ಚೆಯಲ್ಲ. ಒಂದು ಜೀವದ ಪ್ರಶ್ನೆ.

ಶಾಸ್ತ್ರವು ಇವೆರಡನ್ನು ಎಂದೂ ಒಂದೆಂದು ಎಣಿಸಿಲ್ಲ. ಅರತಿ ಮತ್ತು ಶೋಕಗಳು ಒಂಬತ್ತು ನೋಕಷಾಯಗಳಲ್ಲಿ ಸೇರಿವೆ. ಅವು ಮೋಹನೀಯ ಕರ್ಮದ ಪರಿವಾರವೇ ಹೊರತು ಮೋಹವು ಕಳೆದುದರ ಗುರುತಲ್ಲ. ತತ್ತ್ವಾರ್ಥಸೂತ್ರವು ಸಲ್ಲೇಖನೆಯ ಅತಿಚಾರಗಳನ್ನು ಹೇಳುವಾಗ, ಬದುಕಿರಬೇಕೆಂಬ ಆಸೆಯೊಡನೆ ಸಾಯಬೇಕೆಂಬ ಆಸೆಯನ್ನೂ ದೋಷವೆಂದೇ ಎಣಿಸಿದೆ. ಆದುದರಿಂದ "ಇನ್ನು ಇದ್ದು ಏನು ಫಲ" ಎಂಬ ನಿರಾಶೆಯಿಂದ ತಟ್ಟೆಯನ್ನು ಸರಿಸುವುದು ವ್ರತವಾಗಲಾರದು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿಯು ಮೈಗೆ ಬಳ್ಳಿ ಹಬ್ಬಿಸಿಕೊಂಡು ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಆ ನಿಶ್ಚಲತೆ ಎಚ್ಚರದ್ದು. ಮೂಲೆಯಲ್ಲಿ ಕುಸಿದು ಕುಳಿತವರ ನಿಶ್ಚಲತೆ ಬಳಲಿಕೆಯದು. ಹಾಗೆ ಬಳಲಿದವರು ದೋಷಿಗಳೆಂದೇನೂ ಅರ್ಥವಲ್ಲ. ಅವರಿಗೆ ಬೇಕಾದುದು ಸ್ತುತಿಯೂ ಅಲ್ಲ, ನಿಂದೆಯೂ ಅಲ್ಲ, ಶುಶ್ರೂಷೆ.

ಈ ಬಳಲಿಕೆಗೆ ಕಾರಣಗಳು ಅನೇಕ. ಚಲನೆ ನಿಂತುಹೋಗುವುದೂ ಅವುಗಳಲ್ಲಿ ಒಂದು. ಇಳಕಲ್ಲಿನ ನೇಕಾರರು ನೆಲದ ಕುಣಿಯಲ್ಲಿ ಕಾಲಿಳಿಸಿ ಕುಳಿತು, ತುಳಿಯುತ್ತ, ಲಾಳಿ ಓಡಿಸುತ್ತ ಆಯುಷ್ಯ ಕಳೆಯುತ್ತಾರೆ. ಕಣ್ಣು ಮಂಜಾಗಿ ಮಗ್ಗ ಬಿಟ್ಟ ದಿನ ಕೈಕಾಲುಗಳ ಕೆಲಸವೂ ಮನೆಯೊಳಗಿನ ಸ್ಥಾನವೂ ಒಟ್ಟಿಗೇ ಹೋಗುತ್ತವೆ. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಹಲವು ಓಣಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸಿಕ್ಕು, ಜನರು ನವನಗರಕ್ಕೆ ಬಂದರು. ಓಣಿಯಲ್ಲಿದ್ದಾಗ ದರ್ಶನಕ್ಕೆ, ಪೇಟೆಗೆ, ನೆಂಟರ ಮನೆಗೆ ಹೋಗಿಬರುವುದೇ ಹಿರಿಯರ ವ್ಯಾಯಾಮವಾಗಿತ್ತು. ಅದಕ್ಕೆ ಬೇರೆ ಹೆಸರು ಬೇಕಿರಲಿಲ್ಲ. ಸೆಕ್ಟರುಗಳ ಅಗಲವಾದ ರಸ್ತೆಗಳಲ್ಲಿ ಅದೇ ಹಿರಿಯರು ಮೊಮ್ಮಗನ ಮೋಟಾರು ಸೈಕಲ್ಲಿಗಾಗಿ ಕಾಯಬೇಕಾಗುತ್ತದೆ.

ಚಲನೆಯು ಮನಸ್ಸಿಗೂ ಔಷಧವೆಂಬುದಕ್ಕೆ ಆಧಾರವಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 50 ವರ್ಷ ಮೇಲ್ಪಟ್ಟ 156 ಮಂದಿ ಖಿನ್ನತೆಯ ರೋಗಿಗಳಲ್ಲಿ ಒಂದು ಗುಂಪಿಗೆ ವಾರಕ್ಕೆ 3 ಸಲ ವ್ಯಾಯಾಮ, ಇನ್ನೊಂದಕ್ಕೆ ಔಷಧ, ಮತ್ತೊಂದಕ್ಕೆ ಎರಡನ್ನೂ ಕೊಡಲಾಯಿತು. ಔಷಧದ ಗುಣ ಮೊದಲು ಬೇಗ ಕಂಡಿತು. ಆದರೆ 16 ವಾರಗಳ ಕೊನೆಗೆ ಮೂರೂ ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಸಮನಾಗಿತ್ತು. ಆ ವ್ಯಾಯಾಮವು ಹಲವರು ಕೂಡಿ ಮಾಡಿದ್ದೆಂಬುದನ್ನು ಮರೆಯಬಾರದು. ಜೊತೆಗಾರರ ಸಂಗವೂ ಗುಣ ಕೊಟ್ಟಿರಬಹುದು. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನೂ, ಬೀಳದಂತೆ ಕಾಯುವ ಸಮತೋಲನದ ಅಭ್ಯಾಸವನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ.

ಇದಕ್ಕಾಗಿ ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುಟಿಯ ಗುಡ್ಡವನ್ನು ಏರಬೇಕಾಗಿಲ್ಲ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಆ ಜಿನಾಲಯದ ದರ್ಶನ ಗಟ್ಟಿ ಮೊಣಕಾಲುಗಳಿಗಿರಲಿ. ಉಳಿದವರಿಗೆ ಸಮನಾದ ಹಾದಿ ಸಾಕು. ಬಿಸಿಲೇರುವ ಮುನ್ನ ಒಮ್ಮೆ, ಸೂರ್ಯಾಸ್ತದ ಮೊದಲಿನ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ, ಮೊದಲ ವಾರ ಹತ್ತು ನಿಮಿಷ ನಡೆದರಾಯಿತು. ಈರ್ಯಾಸಮಿತಿಯಂತೆ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಟ್ಟರೆ ಕ್ರಿಮಿಕೀಟಗಳ ರಕ್ಷಣೆಯಾಗುತ್ತದೆ, ಎಡವುವುದೂ ತಪ್ಪುತ್ತದೆ. ಹೃದ್ರೋಗ, ಕೀಲುನೋವು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ನಡಿಗೆ ಹಿಡಿಯಿತೆಂದು ನುಂಗುವ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಅನ್ನ ಬಿಟ್ಟವರನ್ನು, ಸಾವಿನ ಮಾತಾಡುವವರನ್ನು ತಡಮಾಡದೆ ಮನೋವೈದ್ಯರಲ್ಲಿಗೆ ಒಯ್ಯಬೇಕು. ಸರಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿಯೂ ಸಲಹೆ ದೊರೆಯುತ್ತದೆ.

ಖಿನ್ನರಾದವರಿಗೆ "ನಡೆಯಿರಿ" ಎಂದು ಉಪದೇಶಿಸುವುದು ಸುಲಭ. ಎದ್ದು ನಿಲ್ಲುವ ಉತ್ಸಾಹವನ್ನೇ ಆ ಕಾಯಿಲೆ ಕಸಿದುಕೊಂಡಿರುತ್ತದೆ. ಆದುದರಿಂದ ಮೊದಲ ಹೆಜ್ಜೆ ಮನೆಯವರದು. "ಅಜ್ಜಾ, ಏಳ್ರಿ, ಬಸದಿ ತನಕಾ ಹೋಗಿ ಬರೋಣು" ಎಂದು ಚಪ್ಪಲಿ ತಂದಿಟ್ಟು ಕೈ ನೀಡುವ ಮೊಮ್ಮಗಳ ಅರ್ಧ ಗಂಟೆ ಸಣ್ಣದಲ್ಲ. ರೋಗಿಗಳ, ವೃದ್ಧರ ಸೇವೆಗೆ ಶಾಸ್ತ್ರವು ವೈಯಾವೃತ್ತ್ಯವೆಂದು ಹೆಸರಿಟ್ಟು, ಅದನ್ನು ಆರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ಹಿರಿಯರನ್ನು ದೂರದಿಂದ ವಂದಿಸುವುದಕ್ಕಿಂತ ಅವರ ಜೊತೆಗೆ, ಅವರ ವೇಗದಲ್ಲಿ ನಡೆಯುವುದು ಈ ತಪಸ್ಸಿಗೆ ಹೆಚ್ಚು ಸಮೀಪವಾದುದು.