ಪಾಕ ಇಳಿಸುವ ಹೊತ್ತು

ಬೆಳಗಿನ ಜಾವ ಮೂರೂವರೆ. ಮದ್ದೂರು ಕಡೆಯ ಒಂದು ಆಲೆಮನೆ. ನೀವು ಕೊಪ್ಪರಿಗೆಯ ಮುಂದೆ ನಿಂತಿದ್ದೀರಿ. ಎದೆಗೆ ಒಲೆಯ ಕಾವು, ಬೆನ್ನಿಗೆ ಗದ್ದೆಬಯಲಿನ ಚಳಿ. ಕಬ್ಬಿನ ಹಾಲಿನ ಹಸಿ ವಾಸನೆ ಹೋಗಿ, ಮೂಗು ಕಟ್ಟುವಷ್ಟು ಸಿಹಿ ಹಬೆ ಏಳುತ್ತಿದೆ. ಆಚೆ ಗಾಣ ಗರಗರ ಅನ್ನುತ್ತಲೇ ಇದೆ. ಅದರ ಬಾಯಿಗೆ ಕಬ್ಬು ಕೊಡುವ ಹುಡುಗನನ್ನು ಆಗಾಗ ಕೂಗಿ ಮಾತಾಡಿಸುತ್ತೀರಿ. ಅವನು ತೂಕಡಿಸಿದರೆ ಕೈ ಹೋಯಿತು.

ನೀವು ಉತ್ತರ ಪ್ರದೇಶದವರು. ಮುಂಗಡ ತೆಗೆದುಕೊಂಡು, ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವರು. ಕೆಆರ್‌ಎಸ್ ಅಣೆಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ನೀರುಣಿಸಿತು, 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಶುರುವಾಯಿತು, ಕಬ್ಬೇ ಬದುಕಾಯಿತು. ಆಮೇಲೆ ಇಲ್ಲಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು. ಅವರು ಬಿಟ್ಟುಹೋದ ಒಲೆಯ ಮುಂದೆ ನೀವು ನಿಂತಿರಿ, ಬಿಹಾರದವರು ನಿಂತರು.

ದೂರದಿಂದ ಆಳು ಬರುವುದು ಇಲ್ಲಿಯ ಕತೆ ಮಾತ್ರವಲ್ಲ. 1964ರಲ್ಲಿ ಪುಟ್ಟ ಬೆಲ್ಜಿಯಂ ಕೂಡ ಕಲ್ಲಿದ್ದಲು ಗಣಿಗೆ ಜನ ಸಾಲದೆ ತುರ್ಕಿಯಿಂದ ಆಳು ಕರೆಸಿಕೊಂಡಿತು. ನಾಲ್ಕು ಕಾಸು ಕೂಡಿಸಿಕೊಂಡು ಊರಿಗೆ ಮರಳುವ ಲೆಕ್ಕ ಅವರದು. ಎಷ್ಟೋ ಜನ ಮರಳಲೇ ಇಲ್ಲ; ಮೊಮ್ಮಕ್ಕಳು ಅಲ್ಲೇ ಹುಟ್ಟಿದರು. ನಿಮ್ಮ ಲೆಕ್ಕವೂ ಅದೇ: ಈ ಸಲದ್ದು ಮುಗಿಸಿ ಹೋಗಿಬಿಡೋಣ. ಮೂರು ವರ್ಷದಿಂದ ಹಾಗೇ ಅನ್ನುತ್ತಿದ್ದೀರಿ.

ಪಾಕ ಬಂತೇ? ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಹೊಸಕುತ್ತೀರಿ. ಇನ್ನೂ ಮೆತ್ತಗಿದೆ. ಈಗ ಇಳಿಸಿದರೆ ಅಚ್ಚು ಕಟ್ಟದು, ತಡಮಾಡಿದರೆ ಸೀದು ಕಪ್ಪಾದೀತು. ಅಚ್ಚೋ, ಬಕೆಟ್ಟೋ, ಕುರಿಕಾಲಚ್ಚೋ, ಬೆಲ್ಲ ಯಾವುದೇ ಆಗಲಿ, ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬಿದ್ದಂತೆ. ಆಲೆಮನೆಯ ಯಜಮಾನ ಗೌಡರು ಮಾತಾಡುತ್ತಿಲ್ಲ. ನಿಮ್ಮ ಬೆರಳನ್ನೇ ನೋಡುತ್ತಿದ್ದಾರೆ.

ನೊರೆ ಉಕ್ಕುತ್ತದೆ. ಹರಳೆಣ್ಣೆ ಚಿಮುಕಿಸುತ್ತೀರಿ. ತಗ್ಗುತ್ತದೆ. ಮತ್ತೆ ಏಳುತ್ತದೆ. ಗುಳ್ಳೆಯೊಂದು ಒಡೆದು ಮುಂಗೈಗೆ ಸಿಡಿಯುತ್ತದೆ. ಅಂಟಿಕೊಂಡೇ ಸುಡುತ್ತದೆ, ಕೊಡವಿದರೂ ಬಿಡದು. ಇನ್ನೊಂದು ತೊಟ್ಟು. ನೀರು. ಬೆರಳು. ಗಟ್ಟಿ!

“ಇಳ್ಸ್ರೋ! ಬೇಗ ಇಳ್ಸ್ರೋ!”

ನಾಲ್ಕು ಜನ ಓಡಿಬರುತ್ತಾರೆ. ಕೊಪ್ಪರಿಗೆ ವಾಲುತ್ತದೆ. ಒಬ್ಬನ ಕಾಲು ಜಾರುತ್ತದೆ; ಯಾರೋ ರಟ್ಟೆ ಹಿಡಿದು ನಿಲ್ಲಿಸುತ್ತಾರೆ. ಹೊಂಬಣ್ಣದ ಪಾಕ ಮರದ ತೊಟ್ಟಿಗೆ ಬುಳಬುಳನೆ ಇಳಿಯುತ್ತದೆ. ಅಷ್ಟೂ ಜನ ಒಟ್ಟಿಗೆ ಉಸಿರು ಬಿಡುತ್ತೀರಿ.

ಆಗ ನಿಮಗೆ ಹೊಳೆಯುತ್ತದೆ. ಓಡಿಬಂದ ನಾಲ್ವರೂ ನಿಮ್ಮೂರಿನವರೇ. ನೀವು ಕೂಗಿದ್ದು ಮಾತ್ರ ಕನ್ನಡದಲ್ಲಿ. ಅವರಿಗೂ ಅದು ಬೇರೆ ಭಾಷೆ ಅನ್ನಿಸಲಿಲ್ಲ.

“ಸುಟ್ಕಂಡೇನ್ಲಾ?” ಗೌಡರು ಕೇಳುತ್ತಾರೆ.

“ಏನಿಲ್ಲ ಬುಡಿ, ಗೌಡ್ರೇ.”

ಮುಂಗೈಯನ್ನು ಬಾಯಿಗಿಟ್ಟುಕೊಳ್ಳುತ್ತೀರಿ. ಉರಿಯ ಮೇಲೆ ಸಿಹಿ. ಆಚೆ, ಮುಂದಿನ ಕೊಪ್ಪರಿಗೆಗೆ ಹಾಲು ಬೀಳುವ ಸದ್ದು.