ಹದಿನೈದು ನಿಮಿಷ ಮುಂದಿನ ಊರು

ಕಳೆದ ತಿಂಗಳು ಉತ್ತರಾಖಂಡದ ಧಾರಚೂಲಾಗೆ ಹೋಗಿದ್ದೆ. ಊರಿಗೆ ಅಂಟಿಕೊಂಡೇ ಕಾಳಿ ನದಿ. ಆಚೆ ದಡದ ಊರು ದಾರ್ಚುಲಾ. ಹೆಸರು ಹೆಚ್ಚುಕಡಿಮೆ ಒಂದೇ, ದೇಶ ಮಾತ್ರ ನೇಪಾಳ. 1816ರ ಸುಗೌಲಿ ಒಪ್ಪಂದದಲ್ಲಿ ಈ ನದಿಯೇ ಗಡಿಯಾಯಿತು. ಈಗ ನಡುವೆ ಒಂದು ತೂಗುಸೇತುವೆ. ಎರಡೂ ಕಡೆಯವರಿಗೆ ವೀಸಾ ಬೇಡ, ಗುರುತಿನ ಚೀಟಿ ಇದ್ದರೆ ಸಾಕು. ಸಂಜೆ ಗೇಟ್ ಹಾಕ್ತಾರೆ, ಅಷ್ಟೇ.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ. ಕೈಯಲ್ಲಿ ಊಟದ ಡಬ್ಬಿ, ಮಾತ್ರೆಯ ಪೊಟ್ಟಣ. ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ.

"ಮಗಳನ್ನ ಆ ಕಡೆ ಕೊಟ್ಟಿದೀವಿ. ಜ್ವರ ಅಂತೆ. ಗೇಟ್ ಹಾಕೋದ್ರೊಳಗೆ ನೋಡ್ಕೊಂಡು ಬಂದುಬಿಡ್ತೀನಿ" ಅಂದರು.

ಸೇತುವೆ ದಾಟುವಾಗ ನನ್ನ ಮೊಬೈಲ್ ನೇಪಾಳದ ನೆಟ್‌ವರ್ಕ್ ಹಿಡಿದು ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಓಡಿಸಿತು. ನಾನು ಸ್ಕ್ರೀನ್‌ಶಾಟ್ ತೆಗೆಯುವಷ್ಟರಲ್ಲಿ ಅಜ್ಜಿ ಆಚೆ ದಡ ಸೇರಿಯಾಗಿತ್ತು.

ಅಕ್ಕ ನೆನಪಾದಳು. ಅವಳಿರೋದು ತುಮಕೂರು, ನಾನು ಬೆಂಗಳೂರು. ಸುಮಾರು 70 ಕಿಲೋಮೀಟರ್. ಅವಳಿಗೆ ಆಪರೇಷನ್ ಆಗಿ ಮೂರು ತಿಂಗಳು. ಆ್ಯಪ್‌ನಲ್ಲಿ ಹಣ್ಣಿನ ಬುಟ್ಟಿ ಕಳಿಸಿ, "ವೀಕೆಂಡ್ ಬರ್ತೀನಿ ಕಣೇ" ಅಂತ ಮೆಸೇಜ್ ಹಾಕಿದ್ದೆ. ಹೋಗಿರಲಿಲ್ಲ.

ಈ ದಡಕ್ಕೆ ವಾಪಸ್ ಬಂದವನೇ ಫೋನ್ ಮಾಡಿದೆ. "ಏನೋ, ಹಿಮಾಲಯಕ್ಕೆ ಹೋದ್ಮೇಲೆ ನೆನಪಾಯ್ತಾ?" ಅಂತ ನಕ್ಕಳು.

"ಮುಂದಿನ ಭಾನುವಾರ ಬರ್ತೀನಿ."

"ಹೂಂ, ಬಾ" ಅಂದಳು.

ಅವಳು ನಂಬಿರಲಿಲ್ಲ ಅನ್ನೋದು ಗೊತ್ತಾಗಿದ್ದು ಆ ಭಾನುವಾರವೇ. ಬಾಗಿಲು ತೆಗೆದವಳು ಒಂದು ಕ್ಷಣ ಸುಮ್ಮನೆ ನಿಂತುಬಿಟ್ಟಳು. ಆಮೇಲೆ, "ಅನ್ನಕ್ಕೆ ಇನ್ನೊಂದು ಲೋಟ ಅಕ್ಕಿ ಹಾಕ್ಬೇಕು" ಅಂತ ಒಳಗೆ ಹೋದಳು.