ಹಿತ್ತಿಲಿನ ಪಾಲು

ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳನ್ನು 2017ರಿಂದ ಬಾಡಿಗೆಗೆ ಕೊಟ್ಟಿರುವೆನು. ಬಾಡಿಗೆದಾರನು ನನ್ನ ಹಳೆಯ ಶಿಷ್ಯನು. ಶಬ್ದರೂಪಗಳಲ್ಲಿ ದುರ್ಬಲನಾದರೂ ಬಾಡಿಗೆಯಲ್ಲಿ ಎಂದೂ ತಪ್ಪಿದವನಲ್ಲ. ಬಾವಿಕಟ್ಟೆ, ತುಲಸೀಕಟ್ಟೆಗಳಿರುವ ಹಿತ್ತಿಲು ಎರಡು ಸಂಸಾರಗಳಿಗೂ ಸೇರಿದುದು.

2020ರಲ್ಲಿ ಆತನ ಚಿಕ್ಕ ಫಲಾಹಾರದಂಗಡಿಯು ಮುಚ್ಚಿತು. ಅಂದಿನಿಂದ ಬೆಂಚುಗಳು, ಬಾಣಲೆಗಳು, ಇಡ್ಲಿಪಾತ್ರೆಗಳು, ತುಕ್ಕುಹಿಡಿದ ಒಲೆ ಒಂದೊಂದಾಗಿ ಹಿತ್ತಿಲಿಗೆ ಬಂದು ನೆಲೆಸಿದುವು. ನನ್ನ ಪತ್ನಿಯು ತುಲಸಿಗೆ ಪ್ರದಕ್ಷಿಣೆ ಬರಲು ಸ್ಥಳವಿಲ್ಲದೆ ಅರ್ಧ ಸುತ್ತಿ ಹಿಂದಿರುಗತೊಡಗಿದಳು. ನಾನು ಸಹಿಸಿದೆನು, ಸಹಿಸಿದೆನೆನ್ನುವುದಕ್ಕಿಂತ, ಬಾಯಿಬಿಟ್ಟು ಹೇಳಲಾರದೆ ಮನಸ್ಸಿನಲ್ಲಿಯೇ ಬಯ್ದುಕೊಂಡಿದ್ದೆನೆಂಬುದೇ ದಿಟ.

ಕಳೆದ ಮಳೆಗಾಲದಲ್ಲಿ ಬಾಣಲೆಗಳಲ್ಲಿ ನೀರು ನಿಂತಿತು. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ತೌರುಮನೆ. ಮೊಟ್ಟೆಯೊಡೆದ ಹುಳುವು ಸುಮಾರು 7ರಿಂದ 10 ದಿನಗಳಲ್ಲಿ ರೆಕ್ಕೆ ಬಂದು ಹಾರುವುದು. ಆತನ ಆರು ವರ್ಷದ ಮಗಳು ಅದೇ ಜ್ವರದಿಂದ ಐದು ದಿನ ಆಸ್ಪತ್ರೆಯಲ್ಲಿ ಮಲಗಿದಳು. ನಾನು ಒಂದು ತಿಂಗಳು ಮೊದಲೇ ಬಾಯಿಬಿಟ್ಟಿದ್ದರೆ?

ಮಗುವು ಗುಣಹೊಂದಿ ಮನೆಗೆ ಬಂದ ಬಳಿಕ, ಆ ಸಂಕಟವೇ ಕೋಪವಾಗಿ, ಬಿಡುವಂತೆ ನೋಟೀಸು ಬರೆಯಲು ಕುಳಿತೆನು. ತಿಂಗಳ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆಯ ಕಾಯಿದೆಯಂತೆ ಸಾಮಾನ್ಯವಾಗಿ 15 ದಿನಗಳ ನೋಟೀಸೆಂದು ವಕೀಲಮಿತ್ರರೊಬ್ಬರು ಹೇಳಿದ್ದರು. ಅಭ್ಯಾಸಬಲದಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನೂ ತೆರೆದೆನು. 1909ರಲ್ಲಿ ಅದನ್ನು ಮೈಸೂರಿನಲ್ಲಿ ಮೊದಲು ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳಷ್ಟೆ. ಬಿಡೆಂದರೂ ಬಿಡದ ಬಾಡಿಗೆದಾರನಿಗೆ ಅಲ್ಲಿ 12 ಪಣ ದಂಡ. ಬಾಡಿಗೆ ಸಲ್ಲಿಸಿದವನನ್ನು ಹೊರದೂಡುವ ಯಜಮಾನನಿಗೂ ಅದೇ 12 ಪಣ! ಲೇಖನಿಯನ್ನು ಕೆಳಗಿಟ್ಟೆನು.

ಮರುದಿನ ಬಾವಿಕಟ್ಟೆಯ ಬಳಿ, "ಇವನ್ನೆಲ್ಲ ಮಾರಿಬಿಡಬಾರದೇನಯ್ಯ?" ಎಂದು ಕೇಳಿದೆನು.

ಆತನು ತಲೆತಗ್ಗಿಸಿ, "ಮಾರಿದರೆ, ಇನ್ನು ಅಂಗಡಿ ತೆರೆಯೋದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ, ಮೇಷ್ಟ್ರೇ" ಎಂದನು.

ನನಗೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಸೇರಿ ಬಾಣಲೆಗಳ ನೀರು ಚೆಲ್ಲಿ ಬೋರಲು ಹಾಕಿದೆವು. ಬೆಂಚುಗಳನ್ನೆತ್ತಿದಾಗ ಗೋಡೆಯ ಮೂಲೆಯಲ್ಲಿ ಸಿಕ್ಕಿದುದು ನಮ್ಮದೇ ಮುರಿದ ತೊಟ್ಟಿಲು, ಮತ್ತು ನಿವೃತ್ತಿಯ ದಿನ ಕೇಳಿ ತಂದ ಕಾಲಿಲ್ಲದ ಕಪ್ಪುಹಲಗೆ. ಪತ್ನಿಯು ಸೆರಗಿನಿಂದ ಬಾಯಿಮುಚ್ಚಿ ನಕ್ಕಳು. ಆತನು ಗುರುಭಕ್ತಿಯಿಂದ ಬೇರೆ ಕಡೆ ನೋಡಿದನು.

ಸೌದೆಯ ಕೊಟ್ಟಿಗೆಯನ್ನು ಬರಿದುಮಾಡಿ ಸಾಮಾನುಗಳನ್ನು ಅಲ್ಲಿ ಜೋಡಿಸಿದೆವು. ತೊಟ್ಟಿಲು ನೀರೊಲೆಗೆ ಹೋಯಿತು. ಕಪ್ಪುಹಲಗೆಯು ಮಾತ್ರ ಆತನ ತುಕ್ಕು ಒಲೆಗೆ ಒರಗಿಕೊಂಡು ಇನ್ನೂ ಅಲ್ಲಿಯೇ ಇರುವುದು.